ಹೆದ್ದಾರಿ ಸರಿದ ಮೇಲೆ ಉಳಿದ ದಾರಿಗಳು: ತೊರಗಲ್ ನಾಡಿನ ಹಳೆಯ ರಸ್ತೆಗಳ ಒಂದು ಸಮೀಕ್ಷೆ

ಯಾವ ರಸ್ತೆ ಯಾವಾಗ ಆಯಿತು, ಯಾರು ಮಾಡಿಸಿದರು, ಅದರ ಮೇಲೆ ಏನೇನು ಸಾಗಿತು ಎಂಬ ಪ್ರಶ್ನೆಗಳಿಗೆ ಸರ್ಕಾರಿ ದಾಖಲೆಗಳಲ್ಲಿಯೂ ಗ್ಯಾಸೆಟಿಯರುಗಳಲ್ಲಿಯೂ ಒಂದಿಷ್ಟು ಉತ್ತರ ಸಿಗುತ್ತದೆ. ಆದರೆ ಒಂದು ರಸ್ತೆ ಹೆದ್ದಾರಿಯೆಂಬ ಸ್ಥಾನವನ್ನು ಯಾವಾಗ ಕಳೆದುಕೊಂಡಿತು, ಸಂಚಾರ ಬೇರೆಡೆಗೆ ಹೊರಳಿದ ಮೇಲೆ ಅದರ ಸೇತುವೆ, ಸಾಲುಮರ, ಮೈಲುಗಲ್ಲುಗಳು ಏನಾದವು, ಅದನ್ನೇ ನಂಬಿ ಬೆಳೆದಿದ್ದ ಪೇಟೆಗಳು ಹೇಗೆ ಬಾಳಿದವು ಎಂಬುದಕ್ಕೆ ಉತ್ತರವನ್ನು ಬಹುಮಟ್ಟಿಗೆ ನೆಲದ ಮೇಲೆಯೇ ಹುಡುಕಬೇಕಾಗುತ್ತದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಹರಡಿರುವ ಮಲಪ್ರಭೆಯ ಸೀಮೆ ಅಂಥ ಹುಡುಕಾಟಕ್ಕೆ ತಕ್ಕ ಕ್ಷೇತ್ರವಾಗಿದೆ. ಪ್ರಾಚೀನ ಶಾಸನಗಳ ತೊರಗಲೆ–6000 ಎಂಬ ಆಡಳಿತ ವಿಭಾಗಕ್ಕೆ ಹೆಸರು ಕೊಟ್ಟ ತೊರಗಲ್ಲು ಇಂದು ರಾಮದುರ್ಗ ತಾಲ್ಲೂಕಿನಲ್ಲಿ ಕೋಟೆಯ ಗೋಡೆಗಳನ್ನೂ ಭೂತನಾಥ ದೇವಾಲಯವನ್ನೂ ಉಳಿಸಿಕೊಂಡು ದೊಡ್ಡ ಸಂಚಾರದಿಂದ ದೂರ ನಿಂತ ಹಳ್ಳಿಯಾಗಿರುವುದೇ ಈ ಸೀಮೆಯಲ್ಲಿ ದಾರಿಗಳು ಎಷ್ಟು ಬಾರಿ ಸ್ಥಳ ಬದಲಿಸಿವೆ ಎಂಬುದನ್ನು ತೋರಿಸುತ್ತದೆ.

ಇಲ್ಲಿ ಬಳಸುವ ಎರಡು ಮಾತುಗಳನ್ನು ಮೊದಲೇ ಬಿಡಿಸಿ ಹೇಳುವುದು ಒಳ್ಳೆಯದು. ರಸ್ತೆಯೊಂದು ನೆಲದ ಮೇಲೆ ಹಿಡಿಯುವ ಪಥಕ್ಕೆ, ಎಂಜಿನಿಯರುಗಳು ಅಲೈನ್‌ಮೆಂಟ್ ಎನ್ನುವುದಕ್ಕೆ, ಇಲ್ಲಿ ಜಾಡು ಎನ್ನಲಾಗಿದೆ. ಊರನ್ನು ಹೊಕ್ಕು ಹೊರಡುತ್ತಿದ್ದ ರಸ್ತೆಗೆ ಬದಲಾಗಿ ಊರ ಹೊರಗಿನಿಂದ ಸುತ್ತಿ ಹೋಗುವಂತೆ ಮಾಡಿದ ಹೊಸ ಜಾಡೇ ಎಲ್ಲರಿಗೂ ಗೊತ್ತಿರುವ ಬೈಪಾಸ್. ಬೈಪಾಸ್ ಆದಾಗ ಹಳೆಯ ರಸ್ತೆ ಊರಿನ ಬೀದಿಯಾಗಿ ಉಳಿದುಕೊಳ್ಳುತ್ತದೆ, ಆದರೆ ಊರುಗಳ ನಡುವೆ ತಿರುವುಗಳನ್ನು ನೇರಗೊಳಿಸಿದಾಗ ಹಳೆಯ ಜಾಡಿನ ತುಂಡುಗಳು ಹೊಲಗಳ ನಡುವೆ ಅರ್ಧಚಂದ್ರಾಕಾರದಲ್ಲಿ ಒಂಟಿಯಾಗಿ ಬಿದ್ದುಕೊಳ್ಳುತ್ತವೆ. ಮೊದಲನೆಯದಕ್ಕೆ ಬಳಕೆದಾರರಿರುತ್ತಾರೆ, ಎರಡನೆಯದಕ್ಕೆ ಅನೇಕ ಬಾರಿ ಕಾಗದದ ಮೇಲೆ ಒಡೆಯರೂ ಇರುವುದಿಲ್ಲ.

ಬಿಟ್ಟುಹೋದ ಹೆದ್ದಾರಿಗಳ ಹುಡುಕಾಟ ಪಶ್ಚಿಮ ದೇಶಗಳಲ್ಲಿ ಬಹುಕಾಲದಿಂದ ನಡೆದಿದೆ. ಅಮೆರಿಕದ ಷಿಕಾಗೊದಿಂದ ಲಾಸ್ ಏಂಜಲೀಸ್ ಕಡೆಗೆ ಹೋಗುತ್ತಿದ್ದ 66ನೆಯ ಹೆದ್ದಾರಿಯನ್ನು 1985ರಲ್ಲಿ ಅಧಿಕೃತ ಪಟ್ಟಿಯಿಂದ ತೆಗೆದ ಮೇಲೆ ಅದರ ತುಂಡುಗಳನ್ನು ಗುರುತಿಸಿ ಕಾಪಾಡಲು 1999ರಲ್ಲಿ ಆ ದೇಶದ ಸಂಸತ್ತೇ ಕಾನೂನು ಮಾಡಿತು. ಪೆನ್ಸಿಲ್ವೇನಿಯಾದಲ್ಲಿ 1968ರಲ್ಲಿ ಬಿಟ್ಟುಕೊಟ್ಟ ಹೆದ್ದಾರಿಯ ಭಾಗವೊಂದು ತನ್ನ ಸುರಂಗಗಳ ಸಮೇತ ನಡಿಗೆ ಮತ್ತು ಸೈಕಲ್ ಸವಾರಿಯ ತಾಣವಾಯಿತು. ಇಂಗ್ಲೆಂಡಿನ ಮ್ಯಾಮ್ ಟಾರ್ ಗುಡ್ಡದ ರಸ್ತೆ ಭೂಕುಸಿತ ತಾಳಲಾರದೆ 1979ರಲ್ಲಿ ಮುಚ್ಚಿಹೋಗಿ, ಈಗ ಅದರ ಒಡೆದ ಡಾಂಬರಿನ ಪದರುಗಳನ್ನು ನೋಡಲೆಂದೇ ಜನ ಹೋಗುತ್ತಾರೆ. ಆದರೆ ಆ ದೇಶಗಳ ಕಣ್ಣನ್ನು ತಂದು ಈ ನಾಡನ್ನು ನೋಡಿದರೆ ಮುಖ್ಯವಾದುದೇ ಕಾಣದೆ ಹೋಗುತ್ತದೆ. ಜನಸಾಂದ್ರತೆ ಕಡಿಮೆಯಿರುವಲ್ಲಿ ಬಿಟ್ಟ ರಸ್ತೆ ನಿಜಕ್ಕೂ ನಿರ್ಜನವಾಗಿ ಹುಲ್ಲು ಬೆಳೆಯುತ್ತದೆ, ಮಲಪ್ರಭೆಯ ಸೀಮೆಯಲ್ಲಿ ಹಾಗಾಗುವುದಿಲ್ಲ. ಸುಗ್ಗಿಯಲ್ಲಿ ಅದರ ಮೇಲೆ ಜೋಳ, ಕಡಲೆ ಹರವಿ ಒಕ್ಕಣೆ ಮಾಡುತ್ತಾರೆ, ಹೊಲಕ್ಕೆ ಹೋಗುವ ಚಕ್ಕಡಿಗೂ ಟ್ರ್ಯಾಕ್ಟರಿಗೂ ಅದೇ ದಾರಿಯಾಗುತ್ತದೆ, ಕುರಿ ಹಿಂಡುಗಳು ಅದರ ಮೇಲೆಯೇ ಸಾಗುತ್ತವೆ. ಹೆದ್ದಾರಿ ಇಲಾಖೆ ಬಿಟ್ಟದ್ದನ್ನು ಜನ ಬಿಟ್ಟಿಲ್ಲ. ಹಾಗಿದ್ದೂ ಜನರ ಈ ಬಳಕೆಗೆ ಯಾವ ಲೆಕ್ಕದಲ್ಲಿಯೂ ಜಾಗವಿಲ್ಲ ಎಂಬುದೇ ಈ ಪ್ರಶ್ನೆಯ ತಿರುಳು.

ಈ ಸೀಮೆಯ ದಾರಿಗಳನ್ನು ಮೊದಲು ನಿರ್ಧರಿಸಿದ್ದು ಮಣ್ಣು. ಬೈಲಹೊಂಗಲದಿಂದ ಸವದತ್ತಿ, ರಾಮದುರ್ಗಗಳ ಕಡೆಗೆ ಹರಡಿರುವ ಎರೆ ಭೂಮಿ, ಎಂದರೆ ಹತ್ತಿ ಮತ್ತು ಹಿಂಗಾರಿ ಜೋಳಕ್ಕೆ ಹೇಳಿ ಮಾಡಿಸಿದ ಕಪ್ಪು ಮಣ್ಣು, ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಮಳೆಗಾಲದಲ್ಲಿ ಚಕ್ಕಡಿಯ ಗಾಲಿ ಅಚ್ಚಿನವರೆಗೆ ಹೂತುಹೋಗುವ ಇಂಥ ನೆಲದ ಮೇಲೆ ಗಟ್ಟಿ ತಳಪಾಯವಿಲ್ಲದ ರಸ್ತೆ ನಿಲ್ಲುವುದಿಲ್ಲ. ಆದ್ದರಿಂದ ಹಳೆಯ ಜಾಡುಗಳು ಸಾಧ್ಯವಾದಷ್ಟೂ ಮಸಾರಿ ಮಣ್ಣಿನ ದಿಬ್ಬಗಳನ್ನೂ ಕಲ್ಲುಗರಸಿನ ಏರುಗಳನ್ನೂ ಹಿಡಿದು, ಹಳ್ಳಗಳನ್ನು ಅವು ಕಿರಿದಾಗಿರುವಲ್ಲಿ ದಾಟುತ್ತ, ಅಂಕುಡೊಂಕಾಗಿ ಸಾಗುತ್ತವೆ. ಇಂದಿನ ಪ್ರಯಾಣಿಕನಿಗೆ ಅನಗತ್ಯವೆನಿಸುವ ತಿರುವುಗಳ ಹಿಂದೆ ಬಹುಮಟ್ಟಿಗೆ ಈ ಮಣ್ಣಿನ ತಿಳಿವಳಿಕೆಯೇ ಇದೆ. ದಿಕ್ಕು ಕೂಡ ಇಂದಿನದಾಗಿರಲಿಲ್ಲ. ಕಿತ್ತೂರಿನ ಸಮೀಪದ ದೇಗಾಂವಿಯಲ್ಲಿ ಗೋವೆಯ ಕದಂಬರ ಕಾಲದ ಕಮಲನಾರಾಯಣ ದೇವಾಲಯವಿದೆ, ಅದೇ ಕದಂಬರ ಮತ್ತೊಂದು ಕೇಂದ್ರವಾಗಿದ್ದ ಹಲಸಿ ಇನ್ನೂ ಪಶ್ಚಿಮಕ್ಕಿದೆ. ಕರಾವಳಿಯಿಂದ ಘಟ್ಟ ಹತ್ತಿ ಬಯಲುಸೀಮೆಗೆ ಇಳಿಯುವ ಪೂರ್ವ–ಪಶ್ಚಿಮ ಸಂಪರ್ಕವೇ ಆ ಕಾಲದಲ್ಲಿ ಮುಖ್ಯವಾಗಿತ್ತೆಂಬುದನ್ನು ಇಂಥ ನೆಲೆಗಳು ಸೂಚಿಸುತ್ತವೆ. ಇಂದಿನ ಉತ್ತರ–ದಕ್ಷಿಣ ಹೆದ್ದಾರಿಯ ಮೇಲೆ ವೇಗವಾಗಿ ಹೋಗುವವರಿಗೆ ದೇಗಾಂವಿ ಹೆದ್ದಾರಿಯಿಂದ ಒಳಗೆ ಉಳಿದ ಊರು.

ಪುಣೆ, ಸಾತಾರಾ, ಕೊಲ್ಹಾಪುರ, ಬೆಳಗಾವಿ, ಕಿತ್ತೂರು, ಧಾರವಾಡ, ಹುಬ್ಬಳ್ಳಿಗಳ ಮೂಲಕ ಹರಿಹರಕ್ಕೆ ಹೋಗುವ ಟಪಾಲು ರಸ್ತೆಯನ್ನು ಬಲಪಡಿಸಿದ್ದು ಕಂಪನಿ ಸರ್ಕಾರ ಮತ್ತು ಅದರ ತರುವಾಯದ ಬ್ರಿಟಿಷ್ ಆಡಳಿತ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಹತನಾದದ್ದು, ಅದೇ ವರ್ಷದ ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಚೆನ್ನಮ್ಮನ ಸಂಸ್ಥಾನವನ್ನು ಮುಗಿಸಿದ್ದು ಇತಿಹಾಸದಲ್ಲಿ ಪ್ರಸಿದ್ಧ; ಸೈನ್ಯವನ್ನು ಬೇಗ ಸಾಗಿಸುವ ಅಗತ್ಯ ಮತ್ತು ಟಪಾಲು ಎಂಬ ಎರಡು ಕಾರಣಗಳು ಈ ಉತ್ತರ–ದಕ್ಷಿಣ ಜಾಡಿಗೆ ಮಹತ್ವ ತಂದುಕೊಟ್ಟವು. ವ್ಯಾಪಾರ ಮಾತ್ರ ಇನ್ನೂ ಸಮುದ್ರದ ಕಡೆಗೇ ಮುಖ ಮಾಡಿತ್ತು. ಆಗ ಸಂಪಗಾಂವಿ ಎಂಬ ಹೆಸರಿನಲ್ಲಿದ್ದ ಬೈಲಹೊಂಗಲ ತಾಲ್ಲೂಕಿನ ಮತ್ತು ಪರಸಗಡ ಎಂಬ ಹೆಸರಿನಲ್ಲಿದ್ದ ಸವದತ್ತಿ ತಾಲ್ಲೂಕಿನ ಹತ್ತಿ ಚಕ್ಕಡಿಗಳ ಮೇಲೆ ಘಟ್ಟ ಇಳಿದು ವೆಂಗುರ್ಲೆ, ಕುಮಟೆಯಂಥ ಬಂದರುಗಳನ್ನು ಸೇರುತ್ತಿತ್ತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಈ ಸೀಮೆಯ ಹತ್ತಿಗೆ ಬಂದ ಬೆಲೆ ಘಟ್ಟದ ರಸ್ತೆಗಳ ಮೇಲೆ ಹಣ ಸುರಿಯುವಂತೆ ಮಾಡಿತು.

ಈ ಸೀಮೆಯನ್ನು ಬಿಟ್ಟುಹೋದ ಮೊದಲ ದೊಡ್ಡ ಬೈಪಾಸ್ ರಸ್ತೆಯದಲ್ಲ, ರೈಲಿನದು. 1880ರ ದಶಕದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಬಂದಾಗ ಪೋರ್ಚುಗೀಸರ ಮೊರ್ಮುಗೋವಾ ಬಂದರಿನ ಜೋಡಣೆಯೇ ಮುಖ್ಯವಾಗಿದ್ದುದರಿಂದ ಮಾರ್ಗವು ಬೆಳಗಾವಿಯಿಂದ ದಕ್ಷಿಣಕ್ಕೆ ಖಾನಾಪುರ, ಲೋಂಡಾಗಳ ಕಾಡಿಗೆ ಇಳಿದು, ಅಲ್ಲಿಂದ ಅಳ್ನಾವರದ ಮೂಲಕ ಧಾರವಾಡಕ್ಕೆ ಏರಿತು. ರಸ್ತೆಯಲ್ಲಿ 75–80 ಕಿ.ಮೀ. ಇರುವ ಬೆಳಗಾವಿ–ಧಾರವಾಡ ದೂರ ರೈಲಿನಲ್ಲಿ ಸುಮಾರು 120 ಕಿ.ಮೀ. ಆಗಿರುವುದು ಆ ನಿರ್ಧಾರದ ಫಲ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರುಗಳು ಹಳಿಯಿಂದ ಹೊರಗುಳಿದವು. ಘಟ್ಟ ಇಳಿಯುತ್ತಿದ್ದ ಹತ್ತಿಯ ಚಕ್ಕಡಿಗಳು ರೈಲು ನಿಲ್ದಾಣಗಳ ಕಡೆಗೆ ತಿರುಗಿದ ಮೇಲೆ ಹಳೆಯ ಬಂದರು ದಾರಿಗಳು ಒಂದೆರಡು ತಲೆಮಾರಿನೊಳಗೆ ಹಳ್ಳಿ ರಸ್ತೆಗಳಾದವು. ಇಂಥ ರಸ್ತೆಗಳನ್ನು ಬಿಟ್ಟ ಹೆದ್ದಾರಿ ಎಂದು ಯಾರೂ ಗುರುತಿಸುವುದಿಲ್ಲ. ಡಾಂಬರಿನ ಯುಗಕ್ಕೆ ಮೊದಲೇ ಸ್ಥಾನ ಕಳೆದುಕೊಂಡದ್ದರಿಂದ ಅವುಗಳ ಗುರುತೆಂದರೆ ಅತಿ ಅಗಲವಾದ ಚಕ್ಕಡಿ ದಾರಿ, ದಾರಿ ಬದಿಯ ಬಾವಿ, ಹಳೆಯ ಮರಗಳ ಸಾಲು, ಈಗಿನ ಅಗತ್ಯಕ್ಕೆ ಮೀರಿದ ಕಲ್ಲುಕಟ್ಟಡದ ಮೋರಿ, ಇಷ್ಟೇ. ಆದರೂ ಸಮೀಕ್ಷೆಗೆ ಇವೇ ಅತ್ಯಂತ ಬೆಲೆಯುಳ್ಳವು, ಏಕೆಂದರೆ ಇವುಗಳನ್ನು ಬಲ್ಲವರ ಪೀಳಿಗೆ ಮುಗಿಯುತ್ತ ಬಂದಿದೆ.

ಮೋಟಾರು ಬಂದ ಮೇಲೆ ಉತ್ತರ–ದಕ್ಷಿಣ ರಸ್ತೆಗೆ ಮತ್ತೆ ಜೀವ ಬಂತು. ದೇಶದ ರಸ್ತೆಗಳನ್ನು ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ ಮತ್ತು ಗ್ರಾಮ ರಸ್ತೆಗಳೆಂದು ವಿಂಗಡಿಸಿದ 1943ರ ನಾಗಪುರ ಯೋಜನೆಯ ನಂತರದ ವ್ಯವಸ್ಥೆಯಲ್ಲಿ ಪುಣೆ–ಬೆಂಗಳೂರು ರಸ್ತೆ 4ನೆಯ ರಾಷ್ಟ್ರೀಯ ಹೆದ್ದಾರಿಯ ಭಾಗವಾಯಿತು; 2010ರ ಮರುಸಂಖ್ಯೆಯಲ್ಲಿ ಅದೇ ರಸ್ತೆ 48ನೆಯದಾಯಿತು. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ಪಿ.ಬಿ. ರಸ್ತೆಯೇ. ಬೆಳಗಾವಿಯಲ್ಲಿ ಹೆದ್ದಾರಿ ಊರ ಹೊರಗೆ ಸರಿದ ಮೇಲೆ ಒಳಗಿನ ಭಾಗ ಹಳೇ ಪಿ.ಬಿ. ರಸ್ತೆ ಎಂಬ ಹೆಸರಿನಲ್ಲಿ ಉಳಿದಿರುವುದು ಹಳೆಯ ಜಾಡನ್ನು ಹುಡುಕುವವರಿಗೆ ನೇರವಾದ ಸಾಕ್ಷ್ಯ. ಈ ಎರಡು ಪಥದ ರಸ್ತೆಯ ಕಾಲದಲ್ಲಿಯೇ ಹಿರೇಬಾಗೇವಾಡಿ, ಎಂ.ಕೆ. ಹುಬ್ಬಳ್ಳಿ, ಕಿತ್ತೂರು, ತೇಗೂರು ಮುಂತಾದ ಊರುಗಳ ಅಂಚಿನಲ್ಲಿ ಬಸ್ ನಿಲ್ಲುವ ಕ್ರಾಸುಗಳು, ಚಹಾದಂಗಡಿಗಳು, ಖಾನಾವಳಿಗಳು, ಪಂಕ್ಚರ್ ಅಂಗಡಿಗಳು, ಲಾರಿ ಚಾಲಕರ ಧಾಬಾಗಳು ಬೆಳೆದವು. ಕ್ರಾಸ್ ಎಂದರೆ ಒಳ ಊರುಗಳಿಗೆ ಹೆದ್ದಾರಿಯ ಮೇಲಿದ್ದ ಬಾಗಿಲು, ಹೆದ್ದಾರಿ ಸರಿದಾಗ ಮೊದಲು ಪೆಟ್ಟು ಬೀಳುವುದು ಈ ಬಾಗಿಲಿಗೇ.

ಆ ಪೆಟ್ಟು ಬಂದದ್ದು ಸುವರ್ಣ ಚತುಷ್ಪಥ ಯೋಜನೆಯಿಂದ. ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತಗಳನ್ನು 5,846 ಕಿ.ಮೀ. ಉದ್ದದ ನಾಲ್ಕು ಪಥದ ರಸ್ತೆಯಿಂದ ಜೋಡಿಸುವ ಈ ಕೆಲಸಕ್ಕೆ 1999ರಲ್ಲಿ ಅಡಿಗಲ್ಲು ಬಿತ್ತು. ಮುಂಬಯಿ–ಚೆನ್ನೈ ಭುಜ ಕಿತ್ತೂರಿನ ಮಗ್ಗುಲಲ್ಲಿಯೇ ಹಾದುಹೋಯಿತು, ಮುಂದೆ ಬೆಳಗಾವಿ–ಧಾರವಾಡ ಭಾಗ ಆರು ಪಥಕ್ಕೂ ಅಗಲವಾಗಿ, ಹಿರೇಬಾಗೇವಾಡಿಯಲ್ಲಿ ಟೋಲ್ ನಾಕಾ ಬಂತು. ಇಂಥ ಅಗಲೀಕರಣದಲ್ಲಿ ಹಳೆಯ ಜಾಡಿಗೆ ಏನಾಗುತ್ತದೆ ಎಂಬುದನ್ನು ಅರಿಯಲು ರಸ್ತೆಯ ರೇಖಾಗಣಿತವನ್ನು ಸ್ವಲ್ಪ ತಿಳಿಯಬೇಕು. ಬಯಲುಸೀಮೆಯ ಹೆದ್ದಾರಿಯ ಮೇಲೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ವಾಹನ ಜಾರದೆ ತಿರುಗಬೇಕಾದರೆ ತಿರುವಿನ ತ್ರಿಜ್ಯ ಸುಮಾರು 360 ಮೀಟರಿಗೆ ಕಡಿಮೆ ಇರಬಾರದೆಂಬುದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನಕ. ಚಕ್ಕಡಿಯ ಕಾಲದಿಂದ ಬಂದ ತಿರುವುಗಳು ಇದಕ್ಕಿಂತ ಬಹಳ ಬಿಗಿಯಾದವು. ಹಳ್ಳವನ್ನು ಲಂಬಕೋನದಲ್ಲಿ ದಾಟಿದರೆ ಸೇತುವೆಯ ಉದ್ದವೂ ಖರ್ಚೂ ಕಡಿಮೆಯಾಗುವುದರಿಂದ ಹಳೆಯ ಎಂಜಿನಿಯರುಗಳು ರಸ್ತೆಯನ್ನು ಹಳ್ಳದ ಬಳಿ ಸರ್ರನೆ ತಿರುಗಿಸಿ, ನೇರವಾಗಿ ದಾಟಿಸಿ, ಆಚೆ ದಂಡೆಯಲ್ಲಿ ಮತ್ತೆ ತಿರುಗಿಸುತ್ತಿದ್ದರು; ಹಣವೂ ಕಾಂಕ್ರೀಟೂ ಸುಲಭವಾದ ಮೇಲೆ ಬಂದವರು ರಸ್ತೆಯನ್ನು ನೇರವಾಗಿಟ್ಟು ಸೇತುವೆಯನ್ನೇ ಓರೆಯಾಗಿ ಕಟ್ಟಿದರು. ಹೀಗೆ ಪ್ರತಿ ಹಳ್ಳದ ಬಳಿ ಹಳೆಯ ರಸ್ತೆಯ ಒಂದು ಕಮಾನು ಹೊಸ ರಸ್ತೆಯ ಪಕ್ಕಕ್ಕೆ ಉಳಿಯುವ ಸಂಭವ ಹೆಚ್ಚು. ಆದ್ದರಿಂದ ಹಳೆಯ ತುಂಡುಗಳನ್ನು ಅರಸುವವರು ಬಯಲಿನ ನೇರ ಭಾಗಗಳನ್ನು ಬಿಟ್ಟು ಹಳ್ಳದ ಎರಡೂ ದಂಡೆಗಳನ್ನು ಮೊದಲು ನೋಡಬೇಕು. ನೇರ ಭಾಗಗಳಲ್ಲಿ ಹಳೆಯ ರಸ್ತೆ ಹೊಸದರ ಒಂದು ಬದಿಯ ಅಡಿಯಲ್ಲಿ ಹೂತಿರುತ್ತದೆ, ಇಲ್ಲವೆ ಸರ್ವಿಸ್ ರಸ್ತೆ, ಎಂದರೆ ಸ್ಥಳೀಯರಿಗೆಂದು ಮುಖ್ಯ ಪಥದ ಪಕ್ಕದಲ್ಲಿ ಓಡುವ ಕಿರುರಸ್ತೆ, ಆಗಿ ಬದಲಾಗಿರುತ್ತದೆ.

ಈ ದೃಷ್ಟಿಯಿಂದ ಎಂ.ಕೆ. ಹುಬ್ಬಳ್ಳಿ ಗಮನಾರ್ಹ ಸ್ಥಳ. ಹೆದ್ದಾರಿ ಮಲಪ್ರಭೆಯನ್ನು ದಾಟುವ ಈ ಊರಿನಲ್ಲಿ ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳ ನದಿಯ ಪಾತ್ರದಲ್ಲಿಯೇ ಇದೆ. ದಾಟು, ಯಾತ್ರೆ, ಸಕ್ಕರೆ ಕಾರ್ಖಾನೆಗೆ ಕಬ್ಬು ತರುವ ಗಾಡಿಗಳು ಎಲ್ಲವೂ ಒಂದೇ ಕಡೆ ಕೂಡುವುದರಿಂದ ದೂರದ ವಾಹನಗಳಿಗೂ ಊರಿನವರಿಗೂ ಬೇಕಾದ ರಸ್ತೆಗಳು ಬೇರೆಬೇರೆ ಎಂಬುದು ಇಲ್ಲಿ ಎದ್ದು ಕಾಣುತ್ತದೆ. ಆರು ಪಥದ ಮೇಲೆ ಕಬ್ಬಿನ ಟ್ರ್ಯಾಕ್ಟರು, ಯಾತ್ರೆಯ ಚಕ್ಕಡಿ, ಕಾಲುನಡಿಗೆಯ ಜನ ಇರಬಾರದವರಾಗುತ್ತಾರೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಸುಮಾರು 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅದೇ ವರ್ಷದ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ನಿಷೇಧಿಸಿದಾಗ ಈ ವಿಂಗಡಣೆ ಕಾನೂನಿನ ರೂಪವನ್ನೇ ಪಡೆಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳು ಬೈಪಾಸಿನ ಒಳಗೆ ಸೇರಿ, ಚನ್ನಪಟ್ಟಣದ ಬೊಂಬೆ ಮಾರುವವರೂ ಮದ್ದೂರಿನ ಹೋಟೆಲಿನವರೂ ದಾರಿಹೋಕ ಗಿರಾಕಿಗಳನ್ನು ಕಳೆದುಕೊಂಡ ಸಂಕಟ ಪತ್ರಿಕೆಗಳಲ್ಲಿ ವಿಸ್ತಾರವಾಗಿ ಬಂತು. ಕಿತ್ತೂರು ಸೀಮೆಯ ಕ್ರಾಸುಗಳಿಗೆ ಇದೇ ಬಗೆಯ ಅನುಭವ ಅದಕ್ಕಿಂತ ಬಹಳ ಮೊದಲೇ ಆದರೂ ರಾಜಧಾನಿಯಿಂದ ದೂರವಿದ್ದುದರಿಂದ ಅದು ಚರ್ಚೆಯ ವಿಷಯವಾಗಲಿಲ್ಲ.

ಇನ್ನೊಂದು ಬಗೆಯ ದಾರಿಗಳು ನೀರಿನಡಿ ಹೋದವು. ಸವದತ್ತಿಯ ಬಳಿ ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಮಲಪ್ರಭೆ ಹೊರಬೀಳುವ ನವಿಲುತೀರ್ಥದಲ್ಲಿ 1970ರ ದಶಕದ ಆರಂಭದಲ್ಲಿ ಪೂರ್ಣಗೊಂಡ ಅಣೆಕಟ್ಟು ರೇಣುಕಾಸಾಗರವನ್ನು ಸೃಷ್ಟಿಸಿತು. ಅದರ ಸಂಗ್ರಹ ಸಾಮರ್ಥ್ಯ 37.73 ಟಿಎಂಸಿ, ಅಂದರೆ ಶತಕೋಟಿ ಘನ ಅಡಿಗಳ ಲೆಕ್ಕದಲ್ಲಿ ಅಷ್ಟು ನೀರು. ಮೇಲ್ಭಾಗದ ಬಯಲಿನಲ್ಲಿ ಹಿನ್ನೀರು ಹರಡಿದಾಗ ಹಳ್ಳಿಗಳು ಎತ್ತರದ ನೆಲೆಗಳಿಗೆ ಸರಿದವು, ಅವುಗಳನ್ನು ಜೋಡಿಸುತ್ತಿದ್ದ ರಸ್ತೆಗಳು ತುಂಡಾದವು. ಹೆದ್ದಾರಿ ನೇರವಾದಾಗ ಉಳಿಯುವ ತುಂಡಿಗೆ ಎರಡು ತುದಿಗಳಿರುತ್ತವೆ, ಜಲಾಶಯ ನುಂಗಿದ ರಸ್ತೆಗೆ ಒಂದೇ ತುದಿ. ನೀರಿನ ಅಂಚಿಗೆ ಬಂದು ನಿಲ್ಲುವ ಇಂಥ ದಾರಿಗಳು ಮೀನುಗಾರರಿಗೂ, ನೀರು ಇಳಿದಾಗ ಬಯಲಾಗುವ ನೆಲದಲ್ಲಿ ಬೆಳೆ ತೆಗೆಯುವವರಿಗೂ ಉಪಯುಕ್ತವಾಗಿರುತ್ತವೆಯಾದರೂ ನಕ್ಷೆಯಲ್ಲಿ ಅವು ರಸ್ತೆಗಳೆನಿಸಿಕೊಳ್ಳುವುದಿಲ್ಲ. ಮಲಪ್ರಭಾ ಯೋಜನೆಯ ಕಾಲುವೆ, ಎಕರೆ, ಟಿಎಂಸಿಗಳ ಲೆಕ್ಕ ಪುಟಗಟ್ಟಲೆ ಇರುವಾಗ ಮುಳುಗಿದ ದಾರಿಗಳ ಒಂದು ನಕಾಶೆ ಕೂಡ ಜನರ ಕೈಗೆ ಸಿಗುವಂತಿಲ್ಲದಿರುವುದು ಖೇದದ ಸಂಗತಿ. ಪುನರ್ವಸತಿಯೆಂದರೆ ಮನೆ, ಜಮೀನುಗಳ ಲೆಕ್ಕ ಮಾತ್ರವಲ್ಲ, ಒಂದು ಊರಿನಿಂದ ಇನ್ನೊಂದಕ್ಕೆ ಇದ್ದ ನಂಟಿನ ಲೆಕ್ಕವೂ ಹೌದು.

ಅಣೆಕಟ್ಟಿನ ಕೆಳಗಿನ ದಾರಿಗಳದ್ದು ಬೇರೆ ಕಥೆ. ನದಿಗೆ ಅಡ್ಡಲಾಗಿ ಕಟ್ಟಿದ ತಗ್ಗಿನ ಮುಳುಗು ಸೇತುವೆಗಳು, ಎಂದರೆ ನೆರೆ ಬಂದಾಗ ಮೇಲೆ ನೀರು ಹರಿದುಹೋಗಲೆಂದೇ ಕೆಳಮಟ್ಟದಲ್ಲಿ ಕಟ್ಟಿದವು, ವರ್ಷದ ಬಹುಭಾಗ ಕೆಲಸ ಮಾಡಿ ಪ್ರವಾಹದ ದಿನಗಳಲ್ಲಿ ಮುಚ್ಚಿಹೋಗುತ್ತವೆ. 2019ರ ಆಗಸ್ಟಿನಲ್ಲಿ ಜಲಾಶಯದಿಂದ ಭಾರಿ ಪ್ರಮಾಣದ ನೀರು ಬಿಟ್ಟಾಗ ಮುನವಳ್ಳಿ, ರಾಮದುರ್ಗ ಮತ್ತು ಸುರೇಬಾನದ ಸುತ್ತಲಿನ ಭಾಗಗಳಿಗೆ ನೀರು ನುಗ್ಗಿ ಸಂಪರ್ಕ ಕಡಿದುಹೋಯಿತು. ಇಂಥ ಸಮಯದಲ್ಲಿ ಎತ್ತರದ ದಿಬ್ಬಗಳ ಮೇಲೆ ಸಾಗುವ ಹಳೆಯ ಜಾಡುಗಳಿಗೆ ಬೆಲೆ ಬರುತ್ತದೆ. ಹೊಸ ರಸ್ತೆ ಸಮತಟ್ಟು ನೆಲವನ್ನು ಹಿಡಿದು ಬೇಗ ತಲುಪಿಸುತ್ತದೆ, ಆದರೆ ನದಿ ಎಲ್ಲಿಯವರೆಗೆ ಏರಬಲ್ಲದೆಂಬ ಅನುಭವ ಹಳೆಯ ದಾರಿಯ ಆಯ್ಕೆಯಲ್ಲಿ ಅಡಗಿರುತ್ತದೆ. ಪ್ರವಾಹ ನಿರ್ವಹಣೆಯ ಯೋಜನೆ ಮಾಡುವವರು ಹಳೆಯ ಜಾಡುಗಳನ್ನು ಪರ್ಯಾಯ ಮಾರ್ಗಗಳಾಗಿ ಪರಿಶೀಲಿಸದಿರುವುದು ಸರಿಯಲ್ಲ.

ರಾಮದುರ್ಗದ ಕಡೆಯ ರಸ್ತೆಗಳಿಗೆ ಇನ್ನೊಂದು ತೊಡಕೂ ಇತ್ತು. ಸ್ವಾತಂತ್ರ್ಯಕ್ಕೆ ಮೊದಲು ರಾಮದುರ್ಗ ಪ್ರತ್ಯೇಕ ಸಂಸ್ಥಾನ, ತೊರಗಲ್ಲು ಕೊಲ್ಹಾಪುರದ ಅಧೀನದಲ್ಲಿ ಶಿಂದೆ ಮನೆತನದ ಜಹಗೀರು, ಸವದತ್ತಿ ಬ್ರಿಟಿಷ್ ಜಿಲ್ಲೆಯ ಭಾಗ; ಕೆಲವೇ ಹರದಾರಿಗಳ ಪ್ರಯಾಣದಲ್ಲಿ ರಸ್ತೆಯ ಹೊಣೆ ಹಲವು ಕೈ ಬದಲಿಸುತ್ತಿತ್ತು. 1858ರ ಮೇ ತಿಂಗಳ ಕೊನೆಯಲ್ಲಿ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗದಿಂದ ಹೊರಟು ಸುರೇಬಾನದಲ್ಲಿ ತಂಗಿದ್ದಾಗ ನರಗುಂದದ ಬಾಬಾಸಾಹೇಬನ ಕಡೆಯವರು ಅವನನ್ನು ಕೊಂದರು. ಬಂಡಾಯವನ್ನು ಅಡಗಿಸಿದ ಬ್ರಿಟಿಷರು ಜೂನ್‌ನಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಆ ಘಟನೆಯ ನೆನಪಿನಲ್ಲಿ ಕೋಟೆಗಳ ಹೆಸರು ಬರುವಷ್ಟು ದಾರಿಯ ಹೆಸರು ಬರುವುದಿಲ್ಲ, ಆದರೂ ರಾಮದುರ್ಗ–ಸುರೇಬಾನ–ನರಗುಂದಗಳ ನಡುವಿನ ದಾರಿ ಅಂದು ಅಧಿಕಾರವೂ ಸುದ್ದಿಯೂ ಸಾಗುತ್ತಿದ್ದ ಮುಖ್ಯ ಜಾಡೆಂಬುದು ಅದರಿಂದಲೇ ತಿಳಿಯುತ್ತದೆ. ಮುಂದೆ ಹುಬ್ಬಳ್ಳಿ–ವಿಜಯಪುರ ರಾಷ್ಟ್ರೀಯ ಹೆದ್ದಾರಿ, ಮೊದಲು 218 ಮತ್ತು ಈಗ 52 ಎಂಬ ಸಂಖ್ಯೆಯದು, ನವಲಗುಂದ, ನರಗುಂದಗಳ ಮೂಲಕ ಹಾದುಹೋದಾಗ ರಾಮದುರ್ಗ ಅದರ ಪಕ್ಕಕ್ಕೆ ಉಳಿಯಿತು.

ಯಾತ್ರೆಯ ದಾರಿಗಳು ಮಾತ್ರ ಯಾರ ಆದೇಶಕ್ಕೂ ಕಾಯದೆ ಉಳಿದುಕೊಂಡಿವೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಉತ್ತರ ಕರ್ನಾಟಕ ಮತ್ತು ದಕ್ಷಿಣ ಮಹಾರಾಷ್ಟ್ರಗಳಿಂದ ಬರುವ ಭಕ್ತರಲ್ಲಿ ಸಿಂಗರಿಸಿದ ಚಕ್ಕಡಿಗಳ ಸಾಲು ಕಟ್ಟಿಕೊಂಡು, ಹಾದಿಯಲ್ಲಿ ಬಿಡಾರ ಹೂಡಿ, ಜೋಗುಳಭಾವಿಯಲ್ಲಿ ಮಿಂದು ಗುಡ್ಡ ಹತ್ತುವವರು ಇಂದಿಗೂ ಇದ್ದಾರೆ. ಎತ್ತಿಗೆ ನೀರು, ಮೇವು, ನೆರಳು ಬೇಕು. ಇವು ಮೂರೂ ಸಿಗುವುದು ಕಬ್ಬಿಣದ ತಡೆಬೇಲಿ ಹಾಕಿದ ಹೆದ್ದಾರಿಯಲ್ಲಲ್ಲ, ಕೆರೆ, ಬಾವಿ, ಹುಣಸೆಮರಗಳ ಪಕ್ಕದಲ್ಲಿ ಸಾಗುವ ಹಳೆಯ ದಾರಿಯಲ್ಲಿ. ಹಳೆಯ ರಸ್ತೆಗಳನ್ನು ಉಳಿಸಬೇಕೆಂದು ವಾದಿಸುವವರು ಪ್ರವಾಸೋದ್ಯಮದ ಮಾತನಾಡುವುದಕ್ಕೆ ಮೊದಲು ಇದನ್ನು ಹೇಳಬೇಕು.

ಸಾಲುಮರಗಳ ವಿಷಯವನ್ನು ಇಲ್ಲಿಯೇ ಸೇರಿಸುವುದು ಯುಕ್ತ. ಅಗಲೀಕರಣದಲ್ಲಿ ಮೊದಲು ಉರುಳುವುದು ಬೇವು, ಹುಣಸೆ, ಆಲಗಳ ಹಳೆಯ ಸಾಲು. ಹೊಸ ಜಾಡು ಬೇರೆಡೆಗೆ ಹೋದ ಕಡೆ ಮಾತ್ರ ಅದು ಉಳಿಯುತ್ತದೆ. ಹೊಲದ ನಡುವೆ ಸಮ ಅಂತರದಲ್ಲಿ ಎರಡು ಸಾಲು ಹಳೆಯ ಮರಗಳು ಕಂಡರೆ ಅಲ್ಲೊಂದು ರಸ್ತೆ ಇತ್ತೆಂದು ಬಹುಮಟ್ಟಿಗೆ ತಿಳಿಯಬಹುದು. ಮಾಗಡಿಯ ಕಡೆ ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಬೆಳೆಸಿದ ಆಲಗಳಿಗೆ 2019ರಲ್ಲಿ ಅಗಲೀಕರಣದಿಂದ ಕುತ್ತು ಬಂದಾಗ ಸರ್ಕಾರ ಅವುಗಳನ್ನು ಉಳಿಸುವ ಭರವಸೆ ಕೊಡಬೇಕಾಯಿತು. ಹೆಸರಿಲ್ಲದವರು ನೆಟ್ಟ ಮರಗಳಿಗೂ ಅದೇ ರಕ್ಷಣೆ ಸಲ್ಲಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅದಕ್ಕೆ ದಾರಿ ಮಾಡಿಕೊಡುತ್ತದೆ, ಬಳಸುವವರು ಬೇಕು.

ಕಾನೂನಿನ ನೋಟದಲ್ಲಿ ಬಿಟ್ಟ ರಸ್ತೆ ಯಾರದು? 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೆಯ ಕಲಮಿನಂತೆ ಸಾರ್ವಜನಿಕ ರಸ್ತೆಗಳು ರಾಜ್ಯ ಸರ್ಕಾರದ ಸ್ವತ್ತು. 68ನೆಯ ಕಲಮು, ಸಾರ್ವಜನಿಕರಿಗೆ ಇನ್ನು ಬೇಡವಾದ ರಸ್ತೆಯ ಮೇಲಿನ ಹಕ್ಕುಗಳನ್ನು ಪ್ರಕಟಣೆ ಹೊರಡಿಸಿ, ಆಕ್ಷೇಪಣೆ ಕೇಳಿ, ಕೊನೆಗೊಳಿಸುವ ಕ್ರಮವನ್ನು ಹೇಳುತ್ತದೆ. ಅಂದರೆ ಸಂಚಾರ ಕಡಿಮೆಯಾದ ಮಾತ್ರಕ್ಕೆ ರಸ್ತೆಯ ಮೇಲಿನ ಜನರ ಹಕ್ಕು ತಾನಾಗಿ ಹೋಗುವುದಿಲ್ಲ. ಜಮೀನಿನ ಉತಾರಗಳಲ್ಲಿ ರಸ್ತೆ, ಹಳ್ಳ, ಸ್ಮಶಾನ ಮುಂತಾದ ಸಾರ್ವಜನಿಕ ಉಪಯೋಗದ ನೆಲವನ್ನು ಬ–ಖರಾಬು ಎಂದು ಬೇರೆಯಾಗಿ ತೋರಿಸುವ ಪದ್ಧತಿಯಿದೆ, ಸಾಗುವಳಿಗೆ ಒದಗದ ಕಲ್ಲು, ಗುಂಡಿಗಳ ನೆಲ ಅ–ಖರಾಬು. ಹೆದ್ದಾರಿಯ ತುಂಡು ಅರ್ಧಚಂದ್ರವಾಗಿ ಹೊಲದ ನಡುವೆ ಉಳಿದಾಗ ವ್ಯಾಜ್ಯ ಹುಟ್ಟುವುದು ಇಲ್ಲಿಯೇ, ಏಕೆಂದರೆ ಪಕ್ಕದ ಹಿಡುವಳಿದಾರ ಅದನ್ನು ಮೆಲ್ಲಗೆ ಉತ್ತು ಸೇರಿಸಿಕೊಂಡರೆ ಆಚೆಯ ಹೊಲದವರಿಗೆ ದಾರಿ ತಪ್ಪುತ್ತದೆ. ರಾಷ್ಟ್ರೀಯ ಹೆದ್ದಾರಿಗೆ ಬೈಪಾಸ್ ಆದಾಗ ಊರೊಳಗಿನ ಹಳೆಯ ಭಾಗವನ್ನು ಒಮ್ಮೆ ದುರಸ್ತಿ ಮಾಡಿ ರಾಜ್ಯಕ್ಕೆ ಒಪ್ಪಿಸುವ ರೂಢಿ ಇದೆಯಾದರೂ ಊರ ಹೊರಗಿನ ಚಿಕ್ಕ ತುಂಡುಗಳನ್ನು ಲೋಕೋಪಯೋಗಿ ಇಲಾಖೆಯಾಗಲಿ ಪಂಚಾಯಿತಿಯಾಗಲಿ ಆಸ್ಥೆಯಿಂದ ವಹಿಸಿಕೊಳ್ಳುವುದು ವಿರಳ. ರಸ್ತೆಯ ದರ್ಜೆಗೆ ಸರ್ಕಾರಗಳು ನಿಜವಾಗಿ ಗಮನ ಕೊಟ್ಟ ಸಂದರ್ಭವೆಂದರೆ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಆದೇಶಿಸಿದ ಮೇಲಿನದು. ಆಗ ಹಲವು ರಾಜ್ಯಗಳು ಊರೊಳಗಿನ ಹೆದ್ದಾರಿಗಳ ಸ್ಥಾನವನ್ನು ಬದಲಿಸಲು ತವಕಿಸಿದವು. ಆ ತವಕದ ಒಂದಂಶ ಹಳೆಯ ರಸ್ತೆಗಳ ಹೊಣೆಗಾರಿಕೆಯನ್ನು ಗೊತ್ತುಮಾಡುವುದಕ್ಕೆ ಬಂದಿದ್ದರೆ ಅನೇಕ ಹಳ್ಳಿಗಳ ದಾರಿ ಜಗಳ ತೀರುತ್ತಿತ್ತು.

ಹೊಣೆ ಯಾರದೆಂದು ತಿಳಿಯದ ಸ್ಥಿತಿ ಸೇತುವೆಗಳಲ್ಲಿ ಪ್ರಾಣಕ್ಕೇ ಬರುತ್ತದೆ. ಮುಂಬಯಿ–ಗೋವಾ ಹೆದ್ದಾರಿಯಲ್ಲಿ ಮಹಾಡದ ಬಳಿ ಸಾವಿತ್ರಿ ನದಿಯ ಬ್ರಿಟಿಷ್ ಕಾಲದ ಸೇತುವೆ 2016ರ ಆಗಸ್ಟಿನಲ್ಲಿ ಪ್ರವಾಹಕ್ಕೆ ಕೊಚ್ಚಿಹೋಗಿ ಬಸ್ಸುಗಳೇ ನೀರುಪಾಲಾದಾಗ ಪಕ್ಕದಲ್ಲಿ ಹೊಸ ಸೇತುವೆ ಇತ್ತು. ಕಾರವಾರದ ಬಳಿ ಕಾಳಿ ನದಿಯ ಸುಮಾರು 40 ವರ್ಷದ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿದಾಗಲೂ ಪಕ್ಕದಲ್ಲಿ ಹೊಸದಿತ್ತು. ಹೊಸದರ ಜೊತೆಗೆ ಹಳೆಯದನ್ನೂ ಒಂದು ದಿಕ್ಕಿನ ಸಂಚಾರಕ್ಕೆ ಬಳಸುತ್ತ, ಪರೀಕ್ಷೆಯಲ್ಲಿ ಅದಕ್ಕೆ ಎರಡನೆಯ ಸ್ಥಾನ ಕೊಡುವುದು ಅಪಾಯಕಾರಿ. ಮಲಪ್ರಭೆಯ ಮತ್ತು ಅದನ್ನು ಸೇರುವ ಹಳ್ಳಗಳ ಮೇಲಿನ ಹಳೆಯ ಸೇತುವೆ, ಮೋರಿಗಳನ್ನು ಪ್ರತಿ ಮಳೆಗಾಲದ ಮುನ್ನ ಪರೀಕ್ಷಿಸಿ, ಹೊರಬಲ್ಲ ಭಾರವನ್ನು ಫಲಕದ ಮೇಲೆ ಬರೆದು, ಬಾಳದವನ್ನು ವಾಹನಗಳಿಗೆ ಮುಚ್ಚಬೇಕು. ಹಳೆಯ ರಸ್ತೆಗಳ ಮೇಲಿನ ಅಭಿಮಾನ ಈ ಕಟ್ಟುನಿಟ್ಟನ್ನು ಸಡಿಲಿಸಬಾರದು.

ಇಂಥ ಸಮೀಕ್ಷೆಗೆ ಬೇಕಾದ ಸಾಧನಗಳು ಈಗ ಹಿಂದೆಂದಿಗಿಂತ ಸುಲಭವಾಗಿವೆ. ಸರ್ವೆ ಆಫ್ ಇಂಡಿಯಾದ ಹಳೆಯ ಇಂಚು–ಮೈಲಿ ನಕ್ಷೆಗಳನ್ನು ಇಂದಿನ ಉಪಗ್ರಹ ಚಿತ್ರಗಳ ಪಕ್ಕದಲ್ಲಿಟ್ಟರೆ ಬದಲಾದ ಜಾಡು ಗೆರೆಯಂತೆ ಕಾಣುತ್ತದೆ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರು ತಿಳಿದು, ಅದು ರಸ್ತೆಯ ನೆಲವೋ ಹಿಡುವಳಿಯೋ ಎಂದು ಉತಾರದೊಡನೆ ತಾಳೆ ನೋಡಬಹುದು. ಕ್ಯಾಂಬೆಲ್ ಸಂಪಾದಿಸಿದ 1884ರ ಬೆಳಗಾವಿ ಗ್ಯಾಸೆಟಿಯರು ಅಂದಿನ ಪರಿಸ್ಥಿತಿಯ ವಿವರ ಕೊಡುತ್ತದೆ. ಆದರೆ ಯಾವ ನಕ್ಷೆಯೂ ಕೊಡದ ಮಾಹಿತಿ, ಯಾವ ಮೋರಿಯ ಬಳಿ ಚಕ್ಕಡಿ ಬಿಡುತ್ತಿದ್ದರು, ಯಾವ ಬಾವಿಯ ನೀರು ಸಿಹಿಯಾಗಿತ್ತು, ಯಾವ ಕ್ರಾಸಿನಲ್ಲಿ ಹತ್ತಿಯ ತೂಕ ನಡೆಯುತ್ತಿತ್ತು ಎಂಬುದು, ಹಿರಿಯ ಗಾಡಿಕಾರರ ಮತ್ತು ಲಾರಿ ಚಾಲಕರ ನೆನಪಿನಲ್ಲಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ಮತ್ತು ಭೂಗೋಳ ವಿಭಾಗಗಳಿಗೆ ಇದು ವಿದ್ಯಾರ್ಥಿಗಳನ್ನು ಕಳುಹಿಸಲು ತಕ್ಕ ಕೆಲಸ.

ತಡಮಾಡಲು ಸಮಯವಿಲ್ಲ. ಬೆಳಗಾವಿಯಿಂದ ಕಿತ್ತೂರಿನ ಮೂಲಕ ಧಾರವಾಡಕ್ಕೆ ನೇರವಾಗಿ ಹೋಗುವ 73 ಕಿ.ಮೀ. ರೈಲು ಮಾರ್ಗಕ್ಕೆ 2020ರಲ್ಲಿ ಮಂಜೂರಾತಿ ಸಿಕ್ಕಿದೆ. ಬೆಳಗಾವಿಯ ಬಳಿ ಹಲಗಾ–ಮಚ್ಛೆ ಬೈಪಾಸಿಗೆ ಫಲವತ್ತಾದ ಜಮೀನು ಕೊಡಲು ಒಪ್ಪದ ರೈತರ ಹೋರಾಟ ನ್ಯಾಯಾಲಯಗಳವರೆಗೆ ಹೋಗಿದೆ. ಪಣಜಿ–ಹೈದರಾಬಾದ್ ಕಾರಿಡಾರಿನ ಭಾಗವಾಗಿ ಬೆಳಗಾವಿಯಿಂದ ಹುನಗುಂದ, ರಾಯಚೂರುಗಳ ಕಡೆಗೆ ಹೊಸ ಜಾಡಿನ ನಾಲ್ಕು ಪಥದ ಹೆದ್ದಾರಿ ರೂಪುಗೊಳ್ಳುತ್ತಿದೆ. ಈವರೆಗೆ ಆ ದಿಕ್ಕಿನ ಸಂಚಾರವನ್ನು ಹೊತ್ತದ್ದು ನೇಸರಗಿ, ಯರಗಟ್ಟಿ, ಲೋಕಾಪುರಗಳ ಮೂಲಕ ಬಾಗಲಕೋಟೆ ಕಡೆಗೆ ಹೋಗುವ 20ನೆಯ ರಾಜ್ಯ ಹೆದ್ದಾರಿ. ಹೊಸದು ತೆರೆದಾಗ ಈ ರಸ್ತೆಯ ಕ್ರಾಸುಗಳೂ ಪೇಟೆಗಳೂ ಕಿತ್ತೂರು ಸೀಮೆ ಕಂಡದ್ದನ್ನು ಕಾಣಲಿವೆ. ಭೂಸ್ವಾಧೀನಕ್ಕಾಗಿ ಮಾಡುವ ಜಂಟಿ ಅಳತೆಯ ಸಮಯದಲ್ಲಿಯೇ ಹಳೆಯ ಹೆದ್ದಾರಿಯ ಪ್ರತಿ ಸೇತುವೆ, ಮೋರಿ, ಕಿಲೋಮೀಟರ್ ಕಲ್ಲು, ಸಾಲುಮರಗಳನ್ನು ಸರ್ವೆ ನಂಬರಿನ ಸಮೇತ ಪಟ್ಟಿಮಾಡಿ, ಮುಂದೆ ಯಾವ ಭಾಗ ಯಾವ ಇಲಾಖೆಗೆ, ಯಾವ ಪಂಚಾಯಿತಿಗೆ ಸೇರುತ್ತದೆಂದು ಬರೆದಿಡುವುದಕ್ಕೆ ಬೇರೆ ಕಾಯ್ದೆಯಾಗಲಿ ಅನುದಾನವಾಗಲಿ ಬೇಕಿಲ್ಲ. ಅಳತೆಗೆ ಬರುವ ತಂಡದ ಕೈಯಲ್ಲಿ ಇನ್ನೊಂದು ನಮೂನೆಯ ಕಾಗದ ಇದ್ದರೆ ಆಯಿತು, ಅದನ್ನು ಕೇಳಿ ಪಡೆಯುವ ಕೆಲಸವನ್ನು ನೇಸರಗಿ, ಯರಗಟ್ಟಿ ಭಾಗದ ಗ್ರಾಮಸಭೆಗಳು ಈಗಲೇ ಆರಂಭಿಸಬಹುದು.